ಎಡಗಡೆಯ ಹುಟ್ಟುಗಲ್ಲು

ಮಾರ್ಚ್ ೧೧, ಸೋಮವಾರ

ಪ್ರೀತಿಯ ದೊಡ್ಡಪ್ಪನಿಗೆ,

ನಿಮ್ಮ ಗುಬ್ಬಿಯ ನಮಸ್ಕಾರಗಳು. ನೀವು ಕೆಲಸ ಬಿಟ್ಟು ಹೋಗಿ ಐದು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ಕ್ಷಮಿಸಿ. ಕೆಲಸ ಜಾಸ್ತಿ ಇತ್ತು ಎಂದರೆ ಸುಳ್ಳಾಗುತ್ತದೆ. ನಾಲ್ಕು ಸಲ ಕಾಗದ ತೆಗೆದುಕೊಂಡೆ, ನಾಲ್ಕು ಸಲವೂ ‘ಪ್ರೀತಿಯ ದೊಡ್ಡಪ್ಪನಿಗೆ’ ಎಂದು ಬರೆದಲ್ಲಿಗೇ ಪೆನ್ನು ನಿಂತಿತು. ನಾಲ್ಕನೇ ಕ್ಲಾಸಿಗೇ ನಿಂತ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ದೊಡ್ಡಮ್ಮ ಫೋನು ಮಾಡಿದ್ದರು. ನೀವು ಈಗ ಮೆಟ್ಟಿಲಿಳಿಯುವಾಗ ಗೋಡೆ ತಡವುತ್ತೀರಂತೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತೀರಂತೆ. ಕಣ್ಣಿನ ಡಾಕ್ಟರು, "ನಿಮ್ಮ ವಯಸ್ಸಲ್ಲಿ ಇಷ್ಟು ಒಳ್ಳೆ ಕಣ್ಣು ನಾನು ನೋಡೇ ಇಲ್ಲ" ಎಂದರೂ, "ಅವನು ಅಕ್ಷರ ಓದಿಸಿದ, ಕಲ್ಲು ಓದಿಸಲಿಲ್ಲ" ಎಂದು ಎದ್ದು ಬಂದಿರಂತೆ. ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಯಾರಿಗೋ ಕೊಡಲು ಹೊರಟಿದ್ದೀರಂತೆ. "ಕಣ್ಣಿರೋ ಕುರುಡನ್ನ ಸಾಕ್ತಿದೀನಿ ಕಣೆ" ಎಂದು ದೊಡ್ಡಮ್ಮ ಅತ್ತರು. ದಯವಿಟ್ಟು ಈ ಕಾಗದ ಓದಿ ಮುಗಿಸುವವರೆಗೆ ಉಳಿಗಳನ್ನು ಕೊಡಬೇಡಿ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಚರ್ಚಿನ ಮುಂಭಾಗದ ದುರಸ್ತಿ ಮುಗಿಯಿತು. ಆರು ದುಂಡು ಕಂಬಗಳನ್ನೂ ಅವುಗಳ ಮೇಲಿನ ತ್ರಿಕೋನದ ಹಣೆಯನ್ನೂ ತೊಳೆದಿದ್ದೇವೆ, ಹಲ್ಲುಜ್ಜಿದ ಹಾಗೆ ಕಾಣುತ್ತವೆ. ಹೋದ ವಾರ ಶಾಲೆಯ ಮಕ್ಕಳು ನೋಡಲು ಬಂದಿದ್ದರು. ಮೇಸ್ತ್ರಿ, "ಗುಬ್ಬಿ, ಕಟ್ಟಡದ ಭಾಗ ಎಲ್ಲ ನೀನೇ ಹೇಳು" ಎಂದು ನನ್ನನ್ನು ಮುಂದೆ ತಳ್ಳಿದರು. "ನೀನು ನಾಲ್ಕು ಮಾತಾಡೋ ಹೊತ್ತಿಗೆ ಸುಣ್ಣ ಗಟ್ಟಿಯಾಗಿರತ್ತೆ" ಎಂದು ನೀವು ರೇಗಿಸುತ್ತಿದ್ದದ್ದು ನೆನಪಾಯಿತು.

ಕೊನೆಗೆ ನೀವು ಹೇಳಿಕೊಟ್ಟ ಹಾಗೆಯೇ ಹೇಳಿದೆ. ಕಂಬಕ್ಕೆ ಕೆಳಗೆ ಪಾದ, ನಡುವೆ ಮೈ, ಮೇಲೆ ಎಲೆ ಕೆತ್ತಿದ ತಲೆ. ಮುಂದಿನ ಮಂಟಪ ಬಹಳ ಹಿಂದಿನವರ ರೀತಿ. ಅಲ್ಲಿ ಕಂಬ ನಿಲ್ಲುತ್ತದೆ, ಅದರ ಮೇಲೆ ತೊಲೆ ಮಲಗುತ್ತದೆ, ಜಗಳವಿಲ್ಲ. ಒಳಗಿನದು ಗೋಥಿಕ್ ಎಂಬ ರೀತಿ. ಅಲ್ಲಿ ಕಮಾನುಗಳು ಚೂಪಾಗಿ ಮೇಲೇರುತ್ತವೆ, ಛಾವಣಿಗೆ ಕಲ್ಲಿನ ಪಕ್ಕೆಲುಬು ಇರುತ್ತದೆ, ಆ ಭಾರಕ್ಕೆ ಗೋಡೆ ಆಚೆ ಬೀಳದಂತೆ ಹೊರಗಿನಿಂದ ಆಸರೆಗಂಬಗಳು ಗಾಳಿಯಲ್ಲಿ ಕೈ ಚಾಚಿ ಹಿಡಿದಿರುತ್ತವೆ.

ಒಬ್ಬಳು ಪುಟ್ಟ ಹುಡುಗಿ, "ಹಾಗಾದ್ರೆ ಚರ್ಚಿಗೆ ಹೊಟ್ಟೆ ಎಲ್ಲಿ ಅಕ್ಕಾ?" ಎಂದಳು.

"ಈಗ ನೀನು ನಿಂತಿದೀಯಲ್ಲ, ಈ ನಡುಮನೆಯೇ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ದೊಡ್ಡಪ್ಪ. ಆಮೇಲೆ ಅವಳು ಮೂಲೆಯ ಕಮಾನಿಗೆ ಕೊಟ್ಟ ಮರದ ಊರುಗೋಲುಗಳನ್ನು ತೋರಿಸಿ, "ಅಲ್ಲಿ ಏಟಾಗಿದೆಯಾ?" ಎಂದಳು.

ಅದು ನಮ್ಮ ಕಮಾನು. ನೀವು ಬಿಟ್ಟುಹೋದ ದಿನ ಹೇಗಿತ್ತೋ ಹಾಗೇ ಇದೆ. ಕಂಬದ ತಲೆಯಿಂದ ಕಮಾನು ಮೊಳೆಯುವ ಮೊದಲ ಕಲ್ಲಿಗೆ ಹುಟ್ಟುಗಲ್ಲು ಎಂದು ನೀವೇ ಹೆಸರಿಟ್ಟಿದ್ದಿರಿ. ಬಲಗಡೆಯ ಹುಟ್ಟುಗಲ್ಲು ಕೂತಿದೆ. ಎಡಗಡೆಯ ಜಾಗ ಖಾಲಿ. ನೀವು ಹತ್ತೊಂಬತ್ತು ದಿನ ಕೆತ್ತಿದ ಆ ಕಲ್ಲನ್ನು ಸರಪಳಿ ಹಾಕಿ ಮೇಲೆತ್ತಿದಾಗಲೇ ಗೊತ್ತಾಗಿದ್ದು, ಅದೂ ಬಲಗಡೆಯ ಕಲ್ಲೇ ಆಗಿದೆ ಎಂದು. "ಎರಡೂ ಬಲಗಾಲಿನ ಚಪ್ಪಲಿ ಮಾಡಿದ್ರಲ್ಲ ಯಜಮಾನ್ರೇ" ಎಂದು ಮೇಸ್ತ್ರಿ ನಕ್ಕರು. ಅವರಿಗೆ ನಿಮ್ಮನ್ನು ನೋಯಿಸುವ ಮನಸ್ಸಿರಲಿಲ್ಲ. ಆದರೆ ನಲವತ್ತು ವರ್ಷದಲ್ಲಿ ನಿಮ್ಮ ಕಲ್ಲು ಕೆಳಗಿಳಿದದ್ದು ಅದೇ ಮೊದಲು.

ನಮ್ಮಲ್ಲಿ ಗೆರೆ ಎಳೆಯುವವರು ಬೇರೆ, ಕೆತ್ತುವವರು ಬೇರೆ. ನಾನು ತಗಡಿನ ಅಚ್ಚನ್ನು ಕಲ್ಲಿನ ಮೇಲಿಟ್ಟು ಮೊಳೆಯಿಂದ ಗೀರುತ್ತೇನೆ, ನೀವು ಆ ಗೆರೆ ಹಿಡಿದು ಹೋಗುತ್ತೀರಿ. ಕೆತ್ತುತ್ತಾ ಗೆರೆ ಚಕ್ಕೆಗಳ ಜೊತೆ ಉದುರಿಹೋಗುತ್ತದೆ. ಅಂದು ನೋಡಲು ಗೆರೆಯೇ ಉಳಿದಿರಲಿಲ್ಲ. ನೀವು ಕಲ್ಲನ್ನು ಎರಡು ಸುತ್ತು ಸುತ್ತಿ, "ಹಿಂಬದೀನ ಮುಂಬದಿ ಅಂತ ನೋಡಿದೀನಿ. ಈ ಮಗು ಎಳೆದ ಗೆರೆ ಸರಿಯಾಗೇ ಇತ್ತು. ನನ್ನ ಕಣ್ಣು ಹೋಯ್ತು" ಎಂದು ಎಲ್ಲರ ಮುಂದೆ ಹೇಳಿ, ಸುತ್ತಿಗೆ ಅಲ್ಲೇ ಇಟ್ಟು ಹೊರಟುಬಿಟ್ಟಿರಿ.

ಈಗ ಹೊಸ ಕಲ್ಲು ಬಂದಿದೆ. ಅದೇ ಬಣ್ಣ, ತಟ್ಟಿದರೆ ಒಳ್ಳೆಯ ಸದ್ದು. ಮೇಸ್ತ್ರಿ ಯಾರ ಕೈಗೂ ಕೊಟ್ಟಿಲ್ಲ. ಬನ್ನಿ, ದೊಡ್ಡಪ್ಪ. ಆ ಜಾಗ ನಿಮ್ಮದು.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ನನ್ನನ್ನು ಹರಸಿ ಎಂದು ಕೇಳುವುದಿಲ್ಲ. ಕೆಳಗಿನದನ್ನೂ ಓದಿದ ಮೇಲೆ ಮನಸ್ಸು ಬಂದರೆ ಹರಸಿ.

ನಿಮ್ಮ
ಗುಬ್ಬಿ

ಮರೆತ ಮಾತು ಎಂದು ಬರೆಯಲಾರೆ, ಮರೆತಿರಲಿಲ್ಲ. ಎಡ ಬಲ ಎರಡಕ್ಕೂ ಅಚ್ಚು ಒಂದೇ. ಎಡಗಲ್ಲಿಗೆ ಅದನ್ನು ಮಗುಚಿ ಇಡಬೇಕು. ಮಗುಚಿದರೆ ತಗಡಿನ ಮೇಲೆ ಬರೆದ ಸಂಖ್ಯೆ ಅಡಿಗೆ ಹೋಗುತ್ತದೆ. ನಿಮ್ಮ ಆ ಎಡಗಲ್ಲಿನ ಮೇಲೆ ನಾನು ಗೀರುವಾಗ ಆ ಸಂಖ್ಯೆ ನನ್ನ ಕಣ್ಣೆದುರಿಗೇ ಇತ್ತು. ಕಲ್ಲು ಮೇಲೇರಿದಾಗ ನನಗೆ ಅದು ನೆನಪಾಯಿತು. ಎಲ್ಲರ ಮುಂದೆ ಮಾತಾಡುವ ಮೊದಲು ನೀವು ನನ್ನ ಹತ್ತಿರ ಬಗ್ಗಿ, "ಗೆರೆ ಸರಿ ಇತ್ತಲ್ವೇನೆ ಗುಬ್ಬಿ?" ಎಂದು ಮೆಲ್ಲಗೆ ಕೇಳಿದಿರಿ. ನಾನು ಹೂಂ ಎಂದು ತಲೆಯಾಡಿಸಿದೆ. ಮೊನ್ನೆ ಮೇಸ್ತ್ರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅಚ್ಚನ್ನು ನನ್ನ ಕೈಯಿಂದ ತೆಗೆದುಕೊಂಡರು. ಬರುವ ಶನಿವಾರ ಇಲ್ಲಿ ನನ್ನ ಕೊನೆಯ ದಿನ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ದೊಡ್ಡಪ್ಪ. ಹತ್ತೊಂಬತ್ತು ದಿನ ನೀವು ನನ್ನ ತಪ್ಪನ್ನು ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ ಕೆತ್ತಿದ್ದೀರಿ.