ಗೊಂಗಡಿ ಎಂದು ಹುಡುಕಿದವರು

ಬೀದರ
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಪುತಳಾ ಅತ್ತೀ,

ಮೊಣಕಾಲು ಹೇಗಿದೆ? ಭಾಲ್ಕಿಯ ಮನೆಯ ಮೆಟ್ಟಿಲು ಎತ್ತರ, ಇಳಿಯುವಾಗ ಗೋಡೆ ಹಿಡಿದುಕೋ. ಮಗಳ ಹೆಗಲು ನಂಬಬೇಡ, ನಮ್ಮ ಮಾಯಾ ನಡೆಯುವುದೇ ಬೇರೆಯವರು ಓಡಿದ ಹಾಗೆ. ಈ ಪತ್ರವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ರಾತ್ರಿಶಾಲೆಯಲ್ಲಿ ಕಲಿತದ್ದು ಮರೆತಿಲ್ಲ ಅಂತ ನೀನು ಔರಾದ ಬಸ್ ಸ್ಟ್ಯಾಂಡಿನಲ್ಲಿ ಒಂದೊಂದೇ ಬೋರ್ಡು ಓದಿ ತೋರಿಸುತ್ತಿದ್ದೆಯಲ್ಲ, ಹಾಗೆಯೇ ಇದನ್ನೂ ನೀನೇ ಓದು. ಮಾಯಾಳ ಕೈಗೆ ಕೊಡಬೇಡ. ಅವಳು ಗಟ್ಟಿಯಾಗಿ ಓದಿದರೆ ನನಗೆ ಇಲ್ಲಿ ಕೂತಲ್ಲೇ ನಾಚಿಕೆಯಾಗುತ್ತದೆ.

ನಿನ್ನ ಫೋನು ಬಂದ್ ಇದೆ. ಹೋದ ವಾರ ಭಾಲ್ಕಿಗೆ ಬಂದದ್ದು ನಿನ್ನನ್ನು ನೋಡಿಹೋಗಲು ಅಂದೆ, ಅದು ಅರ್ಧ ಸತ್ಯ. ಒಂದು ಮಾತು ಹೇಳಲು ಬಂದಿದ್ದೆ. ನೀನು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಎದುರಿಗೆ ಕೂತು, "ಯಾಕ ಸಿದ್ದಿ, ಬಾಯಾಗ ಏನರ ಇಟ್ಕೊಂಡಿ ಏನು? ನುಂಗಿದ್ರ ನುಂಗು, ಉಗುಳಿದ್ರ ಉಗುಳು" ಅಂದೆ. ನಾನು ನುಂಗಿದೆ. ಕೈ ತೊಳೆದು ಬಸ್ಸು ಹತ್ತಿದೆ. ನಿನ್ನೆ ನಿನ್ನ ಮಗರಾಯ ಸುಮಿತ ಕೊಳಾರದ ಗೋದಾಮಿನಿಂದ ಫೋನು ಮಾಡಿ, ಅವ್ವ ಮಗ್ಗ ಬಿಚ್ಚಲು ಹೇಳಿದ್ದಾಳೆ ಅಂದ. ಬರುವ ಭಾನುವಾರ, ಶಿವರಾತ್ರಿಗೆ ಮೊದಲು, ಅವನು ಚಿಂತಾಕಿಯ ನಿಮ್ಮ ಮನೆಗೆ ಹೋಗಿ ಮಗ್ಗದ ಕಟ್ಟಿಗೆಯನ್ನು ಬಡಿಗ ಅಮರನಾಥನಿಗೆ ಕೊಟ್ಟು, ನೇಯಲು ಕಾಲು ಇಳಿಬಿಟ್ಟು ಕೂರುವ ಕುಣಿಗೆ ಮಣ್ಣು ಹಾಕಿ ನೆಲ ಸಾಪು ಮಾಡಬೇಕಂತೆ. ಯಾಕೆ ಅಂತ ಕೇಳಿದ್ದಕ್ಕೆ ನೀನು ಹೇಳಿದ್ದನ್ನೇ ಹೇಳಿದ: "ನನ್ನ ಕೈ ಹೋತು. ಮಂದಿಗೆ ಗೊತ್ತಾಗ್ಯದ, ಅದಕ್ಕ ಯಾರೂ ಕೇಳವಲ್ರು."

ಅತ್ತೀ, ನಿನ್ನ ಕೈ ಹೋಗಿಲ್ಲ. ಮಂದಿ ಕೇಳದಂತೆ ಮಾಡಿದವಳು ನಾನು.

ಜ್ಞಾನೇಶ್ವರ ಮಾವ ತೀರಿಕೊಂಡ ವರ್ಷ ನೀನು ಅವನ ಕುಣಿಗೆ ಇಳಿದು ಕಂಬಳಿ ನೇಯಲು ಕೂತಾಗ ಊರಲ್ಲಿ ಎಷ್ಟು ಮಾತು! ಹೆಣ್ಣುಮಗಳು ಕುಣಿಯಾಗ ಇಳದ್ರ ಮಳಿ ಬರಲ್ಲ ಅಂದ ಗುರಮ್ಮನಿಗೆ, "ನಾ ಇಳಿಯೂಕಿಂತ ಮೊದಲ ಭಾಳ ಸುರಿದಿತ್ತೇನವ್ವ?" ಅಂದಿದ್ದೆ. ಹುಣಸೆಬೀಜದ ಗಂಜಿ ಹಚ್ಚಿ ಒಣಹಾಕಿದ ಕಂಬಳಿಗಳ ವಾಸನೆಯಲ್ಲೇ ನಾನು ಎಂ.ಎ. ಪರೀಕ್ಷೆಗೆ ಓದಿದ್ದು. ಬೀದರಿನಲ್ಲಿ ರವಿಕಿರಣ ಅವರ ಆಫೀಸಿಗೆ ಸೇರಿ, ಅಂಗಡಿಗಳಿಗೆ ಇಂಟರ್‌ನೆಟ್ ಪುಟ ಬರೆಯುವುದನ್ನು ಕಲಿತ ಮೇಲೆ ಮೊದಲು ಮಾಡಿದ್ದೇ ನಿನ್ನ ಪುಟ. ನೀನು ಮಾತಾಡುತ್ತಾ ಹೋದೆ, ನಾನು ಬರೆಯುತ್ತಾ ಹೋದೆ: "ಇದು ಕರಿ ಕುರಿ ಉಣ್ಣಿ ಗೊಂಗಡಿ. ಹೊದ್ದವರಿಗೆ ಬೆಚ್ಚಗ, ಹಾಸಿದವರಿಗೆ ತಂಪು." ಕಂಬಳಿಗೆ ನೀನು ಅನ್ನುವ ಗೊಂಗಡಿಯನ್ನೂ ಹಾಗೇ ಇಟ್ಟೆ, ಒಂದು ಅಕ್ಷರವನ್ನೂ ತಿದ್ದಲಿಲ್ಲ. ಅದರ ಕೆಳಗೆ ನಿನ್ನ ಫೋಟೋ, ನಿನ್ನ ನಂಬರು. ಚಳಿಗಾಲ ಶುರುವಾಗುವ ಹೊತ್ತಿಗೆ ಫೋನು ಬರತೊಡಗಿದವು. ಒಂದು ಗಡಿಯ ಆಚೆ ಮರಾಠಿಯವರು, ಇನ್ನೊಂದರ ಆಚೆ ತೆಲುಗಿನವರು. ಮಾತು ತಿಳಿಯದೆ ಹೋದರೂ ನೀನು ಎಲ್ಲರಿಗೂ "ಬರ್ರಿ, ಬರ್ರಿ" ಅನ್ನುತ್ತಿದ್ದೆ.

ನನ್ನ ಕೆಲಸ ಏನು ಅಂತ ನೀನು ಎಷ್ಟೋ ಸಲ ಕೇಳಿದ್ದೀ. "ಮಂದಿ ಏನ್ ಹುಡಕ್ತಾರಂತ ನೋಡೂದೂ ಒಂದ್ ನೌಕರೀನಾ?" ಹೌದು ಅತ್ತೀ, ಅದೂ ಒಂದು ನೌಕರಿ. ಜನ ಮೊಬೈಲಿನಲ್ಲಿ ಒಂದು ಮಾತು ಬರೆದಾಗ ನಮ್ಮ ಪುಟ ಎಷ್ಟನೆಯದಾಗಿ ಕಾಣುತ್ತದೆ, ಅದಕ್ಕೆ ಸ್ಥಾನ ಅನ್ನುತ್ತಾರೆ. ಎಲ್ಲ ಮಾತು, ಎಲ್ಲ ಊರು ಕೂಡಿಸಿ ಸರಾಸರಿ ತೆಗೆದು ಒಂದು ಸಂಖ್ಯೆ ಕೊಡುತ್ತಾರೆ. ಚಿಕ್ಕ ಸಂಖ್ಯೆ ಬಂದರೆ ಒಳ್ಳೆಯದು ಅಂತ ಲೆಕ್ಕ. ಮೊದಲು ನಿನ್ನ ಪುಟ ಮೂರನೆಯದಾಗಿತ್ತು. ಚಳಿ ಏರಿದಂತೆ ಅದು ಮೂವತ್ತರ ಆಚೆ ಜಾರಿತು. ಒಂದು ದಿನ ಗಿರಾಕಿಯ ಎದುರಿಗೇ ರವಿಕಿರಣ ಸರ್ ನಕ್ಕರು: "ಏನ್ರಿ ಮೇಡಂ, ನಿಮ್ಮತ್ತಿ ಗೊಂಗಡಿ ಬಾವ್ಯಾಗ ಬಿತ್ತಲ್ಲ! ನಿಮ್ಮ ಮನಿ ಪುಟಾನೇ ಹಿಂಗಾದ್ರ ಇವರದು ಹ್ಯಾಂಗ?" ನನ್ನ ಸ್ವಭಾವ ನಿನಗೆ ಗೊತ್ತು. ಅವರು ಊಟಕ್ಕೆ ಹೋದಾಗ ಪುಟ ತೆರೆದು, ಗೊಂಗಡಿ ಅಂತ ಇದ್ದಲ್ಲೆಲ್ಲ ಅಳಿಸಿ, 'ಕುರಿಯುಣ್ಣೆಯ ಕೈಮಗ್ಗದ ಕಂಬಳಿ' ಅಂತ ಬರೆದೆ. ಕೆಲವು ದಿನಗಳಲ್ಲಿ ಸಂಖ್ಯೆ ಎರಡಕ್ಕೆ ಬಂತು. ಸರ್ ಎಲ್ಲರನ್ನೂ ಕರೆದು ತೋರಿಸಿದರು. ಸಂಖ್ಯೆಗೆ ಹೆದರಿ ಮಾಡಿದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಅಂದಿನಿಂದಲೇ ನಿನ್ನ ಫೋನು ಮೌನವಾಗಿದ್ದು. ನೀನು ಹೊಸ ಕಂಬಳಿಯನ್ನು ಬಿಸಿಲಿಗೆ ಹಿಡಿದು, ಅಂಚು ಸೊಟ್ಟಾಗಿದೆಯೇನೋ ಅಂತ ಹುಡುಕುತ್ತಾ ಕೂತಾಗಲೂ ನನಗೆ ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಹದಿನೈದು ದಿನಗಳ ಹಿಂದೆ ಆಫೀಸಿನ ಕೆಲಸಕ್ಕೆ ಔರಾದಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಗಾದಿ ಹೊಲಿಯುವ ಫಕ್ರೋದ್ದೀನ ಚಾಚಾ ಕೂಗಿ ಕರೆದರು. "ಏ ಬೇಟಿ, ಪಹಲೆ ಮೊಬೈಲ್‌ನಾಗ ಗೊಂಗಡಿ ಅಂತ ಬಡದ್ರ ನಿಮ್ಮತ್ತಿ ಫೋಟೋನೇ ಮೊದಲ ಬರ್ತಿತ್ತು. ದೇಗಲೂರ ಗಿರಾಕಿಗೆಲ್ಲ ನಾನೇ ತೋರ್ಸೀನಿ. ಈಗ ಎಷ್ಟ್ ಬಡದ್ರೂ ಬರವಲ್ದು. ಧಂದಾ ಬಂದ್ ಮಾಡಿದ್ಳೇನು?" ನಿಂತ ನೆಲ ಬಿಸಿಯಾದಂತಾಯಿತು. ಆಫೀಸಿಗೆ ಬಂದು, ಸಂಖ್ಯೆ ಬಿಟ್ಟು, ಜನ ನಿಜಕ್ಕೂ ಏನು ಬರೆದು ಹುಡುಕಿದ್ದರು ಅಂತ ನೋಡಿದೆ. ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಅದೇ: ಗೊಂಗಡಿ, ಗೊಂಗ್ಡಿ, ಘೋಂಗಡಿ. ಕೆಲವರ ಅಕ್ಷರ ಇಂಗ್ಲಿಷು, ಮಾತು ಮಾತ್ರ ನಿನ್ನದೇ.

ಹೇಗೆ ತಿಳಿಸಲಿ? ಒಂದೇ ಮನೆಯ ಪಂಗತಿಯಲ್ಲಿ ಮೊದಲ ಎಲೆಗೆ ಕೂತವನ ಸ್ಥಾನ ಒಂದು. ಊರೂರಿನ ಪಂಗತಿಗೆ ಕರೆ ಬಂದವನಿಗೆ ಔರಾದದಲ್ಲಿ ಮೊದಲ ಎಲೆ ಸಿಗಬಹುದು, ಹೈದರಾಬಾದಿನಲ್ಲಿ ಬಾಗಿಲ ಹತ್ತಿರದ ಕೊನೆಯ ಎಲೆ. ಎಲ್ಲ ಕೂಡಿಸಿದರೆ ಅವನು ಹಿಂದೆ ಬಿದ್ದಂತೆ ಕಾಣುತ್ತಾನೆ. ಆದರೆ ಅವನನ್ನು ಕರೆದ ಮನೆಗಳೆಷ್ಟು! ನಿನ್ನ ಪುಟ ಬಾವಿಗೆ ಬಿದ್ದಿರಲಿಲ್ಲ ಅತ್ತೀ, ಅದಕ್ಕೆ ಊರೂರಿನಿಂದ ಕರೆ ಬರುತ್ತಿತ್ತು. ನಾನು ಆ ಕರೆಗಳನ್ನೆಲ್ಲ ಮುರಿದು, ಯಾರೂ ಇಲ್ಲದ ಮನೆಯಲ್ಲಿ ನಿನ್ನನ್ನು ಎರಡನೆಯ ಎಲೆಗೆ ಕೂರಿಸಿದೆ. 'ಕುರಿಯುಣ್ಣೆಯ ಕೈಮಗ್ಗದ ಕಂಬಳಿ' ಅಂತ ಬರೆದು ಹುಡುಕಿದವರು ಯಾರು ಅಂತ ನೋಡಿದರೆ ಹೆಚ್ಚುಕಡಿಮೆ ನಾನೊಬ್ಬಳೇ.

ಮೊನ್ನೆ ನಿನ್ನ ಮಾತನ್ನೆಲ್ಲ ಮತ್ತೆ ಇದ್ದಲ್ಲೇ ಇಟ್ಟಿದ್ದೇನೆ. ಸ್ಥಾನ ಆಗಲೇ ಕೆಳಗೆ ಜಾರುತ್ತಿದೆ. ಸರ್ ಇವತ್ತು ಹುಬ್ಬೇರಿಸಿದರು. ಮೊದಲ ಸಲ ಬಾಯಿಬಿಟ್ಟು, "ಇಳೀಲಿ ಬಿಡ್ರಿ ಸರ್, ಬಾವ್ಯಾಗ ನೀರದ" ಅಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಕಿವಿ ಮಾತ್ರ ಸಂಜೆಯವರೆಗೂ ಕೆಂಪಗಿತ್ತು. ಫೋನುಗಳು ಮೊದಲಿನಂತೆ ಬರುತ್ತವೆ ಅಂತ ಆಣೆ ಮಾಡಲಾರೆ, ಚಳಿಯೂ ಮುಗಿಯುತ್ತಾ ಬಂತು. ಆದರೆ ನಿನ್ನ ಕೈಯ ತಪ್ಪಲ್ಲ ಅನ್ನುವುದನ್ನು ಮಾತ್ರ ಆಣೆಯಿಟ್ಟು ಹೇಳಬಲ್ಲೆ.

ಮಾಯಾಳಿಗೆ ನೆನೆದೆ ಅಂತ ಹೇಳು. ಬಿಸಿಲೇರುವ ಮುಂಚೆ ನಾಲ್ಕು ಹೆಜ್ಜೆ ನಡೆದಾಡು. ಉಣ್ಣೆ ಅಂಟಿದ ನಿನ್ನ ಅಂಗೈಗೆ ನನ್ನ ಹಣೆ ಹಚ್ಚಿದ್ದೇನೆ ಅಂದುಕೋ.

ನಿನ್ನ
ಸಿದ್ದೇಶ್ವರಿ

ತಾ.ಕ.: ಅಂಟಿಸಿದ ಲಕೋಟೆ ತೆರೆದು ಬರೆಯುತ್ತಿದ್ದೇನೆ, ಟಪಾಲಿನ ಹೊತ್ತಾಯಿತು. ಸಂಖ್ಯೆಗೆ ಹೆದರಿ ಅಳಿಸಿದೆ ಅಂತ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಹೆದರಿದ್ದರೆ ಬೇರೆ ಏನಾದರೂ ಅಳಿಸಬಹುದಿತ್ತು. ಕಾಲೇಜಿನಲ್ಲಿ ಒಮ್ಮೆ ನನ್ನ ಬಾಯಿಂದ ಗೊಂಗಡಿ ಅಂತ ಬಂದಾಗ ತರಗತಿ ನಕ್ಕಿತ್ತು. ಆ ನಗು ನೆನಪಾಗಿ, ನಿನ್ನ ಮಾತಿಗೆ ನಾಚಿ ಅಳಿಸಿದೆ. ಇದಕ್ಕೆ ನೀನು ಎಷ್ಟು ಬೈದರೂ ಕಡಿಮೆಯೇ. ಬೈಯಲಿಕ್ಕಾದರೂ ಫೋನು ಚಾಲೂ ಮಾಡು. ಮೊದಲು ಸುಮಿತನಿಗೆ ಹಚ್ಚಿ ಕುಣಿಗೆ ಮಣ್ಣು ಹಾಕಬೇಡ ಅನ್ನು, ನಾನು ಹೇಳಿದರೆ ಅವನು ಕೇಳುವುದಿಲ್ಲ. ಆಮೇಲೆ ಗೊತ್ತಿಲ್ಲದ ನಂಬರು ಬಂದರೂ ಎತ್ತು. "ಗೊಂಗಡಿ ಅದಾವೇನ್ರಿ?" ಅಂತ ಕೇಳಿದರೆ "ಅದಾವ, ಬರ್ರಿ" ಅನ್ನು.