ಗುಡಿಸಲ ಹಿಂದಿನ ದಾಸವಾಳ

ಅವ್ವಾ,

ಈ ಕಾಗದವನ್ನು ಜುಂಜಣ್ಣನ ಕೈಲಿ ಓದಿಸಬೇಡ. ಅಣ್ಣ ತನಗೆ ಹಿಡಿಸದ ಸಾಲುಗಳನ್ನು ನುಂಗಿಬಿಡುತ್ತಾನೆ. ಮೂರನೇ ಕ್ಲಾಸು ಓದಿದವಳು ನೀನು, ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ನೀನೇ ಓದು. ಇದು ತಪ್ಪಾಯಿತೆಂದು ಬರೆದ ಕಾಗದವಲ್ಲ.

ರಂಜಿತಾ ಮೈನೆರೆದಳೆಂದು ತಿಳಿದು ನೀನು ಚಳ್ಳಕೆರೆಯಿಂದ ಎರಡು ಬಸ್ಸು ಹತ್ತಿಳಿದು ನಮ್ಮ ಹಟ್ಟಿಗೆ ಬಂದೆ. ಮೊಮ್ಮಗಳ ಮುಖ ನೋಡುವ ಮೊದಲೇ "ಬೇಲಿ ಆಚೆ ಗುಡಿಸ್ಲು ಹಾಕಿದ್ರಾ?" ಅಂತ ಕೇಳಿದೆ. ನಾನು ಹಾಕಿರಲಿಲ್ಲ. ಅವಳನ್ನು ನಡುಮನೆಯಲ್ಲೇ ಚಾಪೆಯ ಮೇಲೆ ಮಲಗಿಸಿದ್ದೆ. ಹಟ್ಟಿಯ ಯಜಮಾನ ಮರುಳಪ್ಪ ಬಾಗಿಲಿಗೆ ಬಂದು, "ದೇವ್ರಿಗೆ ಸೂತಕ ಆಗ್ತೈತೆ, ಹುಡುಗೀನ ಹೊರಗೆ ಕಳ್ಸವ್ವ" ಅಂದಾಗ ನೀನು ಹೋಗಿ ಅವರ ಪಕ್ಕ ನಿಂತೆ. "ನಾವೆಲ್ಲ ಕೂತಿಲ್ವೇನೆ? ನಿನ್ ಮಗಳೇನು ಮ್ಯಾಲಿಂದ ಇಳಿದು ಬಂದಾಳಾ?" ಅಂದೆ. ಕಳಿಸುವುದಿಲ್ಲ ಅಂದೆ ನಾನು. ನೀನು ಒಂದು ಲೋಟ ನೀರೂ ಮುಟ್ಟದೆ ಹೊರಟುಹೋದೆ. ಎಂಟು ತಿಂಗಳಾಯಿತು.

ನೀನು ಆ ಗುಡಿಸಲಲ್ಲಿ ಕೂತದ್ದು ನನಗೆ ಗೊತ್ತು ಅವ್ವಾ. ನಾನು ಕೂತದ್ದು ನಿನಗೆ ಮರೆತಿದೆಯಾ? ನನಗಾಗ ಹದಿಮೂರು. ನಾಲ್ಕು ದಿನವಾದರೂ ರಕ್ತ ನಿಂತಿರಲಿಲ್ಲ, ತಲೆ ಸುತ್ತುತ್ತಿತ್ತು. ಗುಡಿಸಲ ಹಿಂದೆ ಒಂದು ದಾಸವಾಳದ ಗಿಡವಿತ್ತು. ಅದನ್ನು ನೆಟ್ಟದ್ದು, ನೀರು ಹನಿಸಿ ಬೆಳೆಸಿದ್ದು ಅಲ್ಲಿ ಕೂತು ಎದ್ದ ಹೆಂಗಸರೇ. ನಸುಕಿನಲ್ಲಿ ನೀನು ಬಂದು ಅದರ ಕೆಂಪು ಮೊಗ್ಗು ಕಿತ್ತು, ಕಲ್ಲಿನ ಮೇಲೆ ನುಣ್ಣಗೆ ಅರೆದು, ಮೇಕೆಹಾಲಿಗೆ ಕಲಸಿ ಕುಡಿಸಿದೆ. ಬಟ್ಟಲನ್ನು ದೂರ ಇಟ್ಟು ಹೋಗಬೇಕಿತ್ತು, ಹೋಗಲಿಲ್ಲ. ಎಲೆ ಕಿವುಚಿ ಲೋಳೆ ತೆಗೆದು ನನ್ನ ಜಡೆಗಟ್ಟಿದ ತಲೆ ತೊಳೆದೆ. ನಿನ್ನ ಹತ್ತು ಬೆರಳೂ ನನ್ನ ಕೂದಲಲ್ಲಿದ್ದವು. ಆಮೇಲೆ ಸೀರೆಸಮೇತ ಹಳ್ಳದಲ್ಲಿ ಮುಳುಗೆದ್ದು, ಏನೂ ಆಗದವಳಂತೆ ಹಟ್ಟಿಯೊಳಗೆ ಹೋದೆ.

ಮುಟ್ಟಬಾರದವಳನ್ನು ಮೊದಲು ಮುಟ್ಟಿದವಳು ನೀನು. ನೀನು ನಸುಕಿನಲ್ಲಿ ಕದ್ದು ಮಾಡಿದ್ದನ್ನು ನಾನು ಹಗಲಲ್ಲಿ ಮಾಡಿದೆ. ಅದಕ್ಕೆ ನನ್ನ ಮೇಲೆ ಸಿಟ್ಟೇಕೆ?

ಎರಡನೇ ತಿಂಗಳು ರಂಜಿತಾಗೂ ವಿಪರೀತ ರಕ್ತ ಹೋಯಿತು. ನಮ್ಮ ಹಿತ್ತಲ ಗಿಡದ ಮೊಗ್ಗು ಅರೆದು ಕೊಟ್ಟೆ. ಮಾರನೇ ದಿನವೂ ಕಡಿಮೆಯಾಗದಿದ್ದಾಗ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ತುಂಬಾ ಕಡಿಮೆ ಇದೆ ಅಂತ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ಹೂವಿನ ಮಾತು ಕೇಳಿ ನಕ್ಕರು. "ಮಾತ್ರೆ ತಪ್ಪಿಸಲ್ಲ ಮೇಡಂ. ಆದ್ರೆ ಆಸ್ಪತ್ರೆ ಇಲ್ದಾಗ ನಮ್ಮ ಕೈ ಹಿಡಿದಿದ್ದು ಆ ಹೂವೇ, ಅದನ್ನ ನೋಡಿ ನಗಬ್ಯಾಡ್ರಿ" ಅಂದೆ. ಅವರು ನಗು ನಿಲ್ಲಿಸಿದರು. ಮಗಳು ಈಗ ಗಟ್ಟಿಯಾಗಿದ್ದಾಳೆ.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಯಾರೋ ಹಿತ್ತಲ ಗಿಡವನ್ನು ಬುಡಕ್ಕೇ ಕಡಿದು ಹಾಕಿದ್ದರು. ನಿನ್ನ ಅಳಿಯ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದರು. ಫೋನಿನಲ್ಲಿ ಹೇಳಿದರೆ, "ಮಗಳು ಒಳಗೇ ಅವ್ಳೆ ತಾನೆ? ಅಷ್ಟು ಸಾಕು" ಅಂದರು. ಕಡಿದವರಿಗೆ ದಾಸವಾಳದ ಗುಣ ಗೊತ್ತಿಲ್ಲ. ಬಿದ್ದಿದ್ದ ಕೊಂಬೆಗಳನ್ನು ಗೇಣುದ್ದ ತುಂಡು ಮಾಡಿ ಮನೆ ಸುತ್ತ ನೆಟ್ಟೆ. ಹದಿನೇಳು ಕಡ್ಡಿ ಚಿಗುರಿ, ಈಗ ಮೊಗ್ಗು ಬಿಟ್ಟಿವೆ.

ಮೊನ್ನೆ ಬೆಳಿಗ್ಗೆ ಮರುಳಪ್ಪನ ಹೆಂಡತಿ ದುರುಗಕ್ಕ ಬಂದಳು. ಗುಡಿಸಲಲ್ಲಿ ಕೂತ ಸೊಸೆಗೆ ಆರು ದಿನದಿಂದ ರಕ್ತ ನಿಂತಿಲ್ಲವಂತೆ, ಮೊಗ್ಗು ಬೇಕಂತೆ. ಮಡಿಲಿಗೆ ಹಾಕಿ, "ನಾಳೆಗೂ ನಿಲ್ಲದಿದ್ರೆ ಆಸ್ಪತ್ರೆಗೆ ಹೋಗ್ಬೇಕು. ಇವತ್ತು ಅವಳು ಮನೆಯೊಳಗೆ ಮಲಗ್ಬೇಕು" ಅಂದೆ. ದುರುಗಕ್ಕ ಮೊಗ್ಗುಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. "ಒಳಗೇ ಮಲಗಿಸ್ತೀನಿ. ಯಾರಿಗೂ ಹೇಳಬ್ಯಾಡ" ಅಂದಳು.

ಎಲ್ಲರಿಗೂ ಹೇಳುತ್ತೇನೆ ಅಂದೆ. ಮೊದಲು ನಿನಗೆ ಹೇಳುತ್ತಿದ್ದೇನೆ.

ನಿನ್ನ ಮಂಡಿನೋವು ಇಳಿಯಲಿ, ನಿನಗೆ ಇನ್ನೂ ನೂರು ಬೇಸಿಗೆ ಕಾಣುವ ಆಯುಸ್ಸು ಸಿಗಲಿ.

ಕಳಿಸುವುದಿಲ್ಲ ಅಂದ ನಿನ್ನ ಮಗಳು,
ಗಂಗಲಕ್ಷ್ಮಿ