ಆ ಹುಡುಗಿಯ ಹೆಸರು ನಿಮಗೂ ಹೇಳಲಾರೆ

ದೊಡ್ಡ ಟೀಚರ್,

ಶಾಲೆಗೆ ಈಗ ಬೇರೆ ಹೆಡ್‌ಮಿಸ್ ಬಂದಿದ್ದಾರೆ. ಒಳ್ಳೆಯವರು. ಆದರೆ 'ದೊಡ್ಡ ಟೀಚರ್' ಅಂದರೆ ನಮಗೆಲ್ಲ ಇನ್ನೂ ನೀವೇ. ನಿಮಗೊಂದು ಸಂಗತಿ ಹೇಳುವುದಿದೆ. ನೀವು ಬದುಕಿದ್ದರೆ ಬ್ರಹ್ಮಪುರದ ನಿಮ್ಮ ಮನೆಗೆ ಬಂದು, ಎದುರಿಗೆ ಕೂತು ಇದನ್ನು ಹೇಳುತ್ತಿದ್ದೆನೇ? ಗೊತ್ತಿಲ್ಲ.

ಮಕ್ಕಳ ಸುರಕ್ಷತೆಯ ಜವಾಬ್ದಾರಿಯನ್ನು ನೀವು ನನಗೆ ಒಪ್ಪಿಸಿದ ದಿನ ನೆನಪಾಗುತ್ತದೆ. ನಾನು ಗಣಿತ ಹೇಳುವವಳು, ನನ್ನಿಂದ ಆಗುವುದಿಲ್ಲ ಅಂದಿದ್ದೆ. "ಸುನಂದಾ, ಹುಡುಗ್ರು ಅತ್ತರ ನೀ ಗಾಬರಿ ಆಗಲ್ಲ. ಅಷ್ಟು ಸಾಕು" ಅಂದಿರಿ. ಮೆಟ್ಟಿಲ ಕೆಳಗೆ ಆಟದ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಎರಡು ಕುರ್ಚಿ ಹಾಕಿಸಿ, ಬಾಗಿಲಿಗೆ ಗಾಜು ಕೂರಿಸಿದಿರಿ. ಒಳಗೆ ಕೂತವರು ಹೊರಗಿನವರಿಗೆ ಕಾಣಬೇಕು, ಅವರ ಮಾತು ಮಾತ್ರ ಕೇಳಿಸಬಾರದು ಎಂಬುದು ನಿಮ್ಮ ಹಟ. ಮಗು ಹೇಳುವಾಗ ನಡುವೆ ಬಾಯಿ ಹಾಕಬೇಡ, ಮೊದಲು ನಂಬು, ತನಿಖೆ ಮಾಡುವವರು ಬೇರೆ ಇದ್ದಾರೆ ಎಂದು ಕಲಿಸಿದವರೂ ನೀವೇ.

ನೀವು ಹೋದ ಮರುವರ್ಷ, ಊಟದ ಬಿಡುವಿನಲ್ಲಿ, ಏಳನೇ ತರಗತಿಯ ಹುಡುಗಿಯೊಬ್ಬಳು ಆ ಕೋಣೆಗೆ ಬಂದಳು. ಅವಳ ಹೆಸರು ನಿಮಗೂ ಹೇಳಲಾರೆ. ಈ ಕೆಲಸದಲ್ಲಿ ಹೆಸರು ಯಾರಿಗೂ ಹೇಳುವಂತಿಲ್ಲ. ಬಹಳ ಚೆನ್ನಾಗಿ ಹಾಡುತ್ತಿದ್ದಳು, ಬೆಳಗಿನ ಪ್ರಾರ್ಥನೆಗೆ ಅವಳೇ ಮುಂದೆ. ಕುರ್ಚಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಆಮೇಲೆ, "ಯಾರಿಗೂ ಹೇಳಂಗಿಲ್ಲಂದ್ರ ಒಂದು ಮಾತು ಹೇಳ್ತೀನ್ರಿ ಟೀಚರ್" ಅಂದಳು.

ಹ್ಞೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! "ಆ ಮಾತು ಕೊಡ್ಲಾಕ ಆಗಲ್ಲವ್ವ" ಅಂದೆ. "ನಿನಗ ತ್ರಾಸ ಆಗ್ತಿದ್ರ ಅದನ್ನ ನಿಲ್ಲಿಸೋರಿಗಿ ನಾ ಹೇಳಬೇಕಾಗ್ತದ. ಆದ್ರ ಯಾರಿಗಿ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ." ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಹಾಡಿನ ತಾಲೀಮಿಗೆಂದು ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದುದು, ಬಾಗಿಲು ಮುಂದೆ ಮಾಡುತ್ತಿದ್ದುದು, ಆಮೇಲಿನದು... ಅದನ್ನು ಬರೆಯುವುದಿಲ್ಲ. ಯಾರು ಎಂದು ನಾನು ಕೇಳುವ ಮೊದಲೇ ಅವಳು ಹೇಳಿದಳು. "ಸಂಗಮೇಶ ಸರ್."

ನಿಮ್ಮ ಸಂಗಮೇಶ, ಟೀಚರ್. ನಿಮ್ಮ ತಂಗಿ ನಿಂಗಮ್ಮನವರ ಮಗ. ನೀವೇ ಕಮಲಾಪುರದಿಂದ ಕರೆತಂದು, ಮನೆಯಲ್ಲಿಟ್ಟುಕೊಂಡು, ಸಂಗೀತ ಕಲಿಸಿ, ನಮ್ಮ ಶಾಲೆಗೆ ಹಾಡಿನ ಮಾಸ್ತರನಾಗಿ ಸೇರಿಸಿದವನು. ಆಸ್ಪತ್ರೆಯಲ್ಲಿ ಕೊನೆಯವರೆಗೂ ನಿಮ್ಮ ಕಾಲು ಒತ್ತುತ್ತ ಕೂತಿದ್ದವನು. ಹುಡುಗಿಯ ಮುಂದೆ ನಾನು ಮುಖ ಬದಲಿಸಲಿಲ್ಲ. ನೀ ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ ಅಂದೆ.

ಹುಡುಗಿಗೆ ಮೊದಲು ತಿಳಿಸಿಯೇ ಸಂಸ್ಥೆಯ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ಬಾಗಿಲು ಹಾಕಿಸಿ ಮಾತಾಡಿದರು. ಪೊಲೀಸು ಗಿಲೀಸು ಯಾಕೆ, ರಾಜೀನಾಮೆ ಬರೆಸಿಕೊಂಡು ಕಳಿಸಿಬಿಡೋಣ ಎಂಬುದು ಅವರ ಲೆಕ್ಕ. "ದೊಡ್ಡ ಟೀಚರ್ ಹೆಸರಾದ್ರೂ ಉಳೀತದ" ಅಂದರು. ನನ್ನ ಬಾಯಿ ಕಟ್ಟಲು ಅವರಿಗೆ ಸಿಕ್ಕಿದ್ದು ನಿಮ್ಮ ಹೆಸರು! ಇಲ್ಲಿಂದ ಹೋದವನು ಇನ್ನೊಂದು ಶಾಲೆ ಸೇರುತ್ತಾನೆ, ಅಲ್ಲಿಯೂ ಮಕ್ಕಳಿರುತ್ತಾರೆ ಅಂದೆ. ಗೊತ್ತಿದ್ದೂ ತಿಳಿಸದಿದ್ದರೆ ಅದೇ ಅಪರಾಧ ಅಂತಲೂ ಅಂದೆ. ಹುಡುಗಿಗೆ ಕೊಟ್ಟ ಮಾತಿನಂತೆ ಇದನ್ನೂ ಮೊದಲು ಅವಳಿಗೆ ಹೇಳಿ, ಅವಳ ತಾಯಿಯನ್ನು ಕರೆಸಿ, ಅಂದೇ ಪೊಲೀಸರಿಗೆ ಫೋನ್ ಮಾಡಿದೆ. ತಾಯಿ ಮೊದಲು ಮಗಳಿಗೇ ಬೈದಳು, ಆಮೇಲೆ ಅವಳನ್ನು ತಬ್ಬಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಬಂದ ಮಹಿಳಾ ಪೊಲೀಸ್ ಅಧಿಕಾರಿ ಯೂನಿಫಾರಂ ಇಲ್ಲದೆ ಸಾದಾ ಸೀರೆಯಲ್ಲಿದ್ದರು. ಅಷ್ಟಾದರೂ ಸಮಾಧಾನ.

ಸಂಗಮೇಶನನ್ನು ಹಿಡಿದೊಯ್ದ ಮೇಲೆ ಸ್ಟಾಫ್‌ರೂಮಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ದೊಡ್ಡ ಟೀಚರರ ಅನ್ನ ಉಂಡವಳೇ ಅವರ ಮನೆತನ ಹಾಳು ಮಾಡಿದಳು ಎಂದು ಕೆಲವರು ಅಂದರಂತೆ. ನಾನೂ ಒಮ್ಮೊಮ್ಮೆ ಅಂದುಕೊಂಡೆ, ಹುಡುಗಿ ಹೇಳಿದ್ದು ಏನಾದರೂ... ಆದರೆ ಶಾಲೆ ಬಿಟ್ಟು ಕಾಲೇಜು ಸೇರಿದ್ದ ಇಬ್ಬರು ಹುಡುಗಿಯರು ತಾವಾಗಿಯೇ ಬಂದು ತಮ್ಮದನ್ನೂ ಹೇಳಿದರು. ಅವರಲ್ಲೊಬ್ಬಳದು ನೀವು ಶಾಲೆಯಲ್ಲಿದ್ದಾಗಲೇ ನಡೆದದ್ದು. ನಿಮಗೆ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ. ಇದನ್ನು ನಿಮಗೆ ಬರೆಯುವುದೇ ಎಲ್ಲಕ್ಕಿಂತ ಕಷ್ಟ.

ಕೋರ್ಟಿನಲ್ಲಿ ಹುಡುಗಿಯ ಸಾಕ್ಷಿ ಮುಗಿದಿದೆ. ಪರದೆಯ ಆಚೆ ಕೂತು, ತಡವರಿಸದೆ ಹೇಳಿದಳು. ತೀರ್ಪು ಇನ್ನೂ ಬರಬೇಕು. ಅವಳು ಶಾಲೆ ತಪ್ಪಿಸಲಿಲ್ಲ, ಹಾಡುವುದನ್ನು ಮಾತ್ರ ಬಿಟ್ಟಳು. ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಿದ್ದಳು. ಹಾಡು ಎಂದು ಯಾರೂ ಒತ್ತಾಯ ಮಾಡಬೇಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೆ.

ಮೊನ್ನೆ ನಿಮ್ಮ ಪುಣ್ಯತಿಥಿಗೆ ನಿಮ್ಮೂರು ಕಮಲಾಪುರಕ್ಕೆ ಬಂದಿದ್ದೆ. ಹೋಗಬೇಡ, ಅಲ್ಲಿ ಮುಖ ತಿರುಗಿಸುತ್ತಾರೆ ಎಂದು ಮನೆಯಲ್ಲಿ ಅಂದರು. ತಿರುಗಿಸಿದರು. ಪಂಕ್ತಿಯಲ್ಲಿ ನನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು. ಊಟ ಮಾಡಿದಂತೆ ಮಾಡಿ, ಹೊಲದಲ್ಲಿ ಬಾಳೆಗಿಡಗಳ ಆಚೆಗಿರುವ ನಿಮ್ಮ ಸಮಾಧಿಯ ಹತ್ತಿರ ಹೋಗಿ ನಿಂತೆ. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ನಿಂಗಮ್ಮನವರು. ಎಷ್ಟು ಬಡವಾಗಿದ್ದಾರೆ ಟೀಚರ್! ಬೈಯಲು ಬಂದರೇನೋ, ಬೈಯಲಿ ಅಂದುಕೊಂಡೆ. ಅವರು ನನ್ನ ಕಡೆ ನೋಡದೆ ಕೇಳಿದರು.

"ಆ ಕೂಸು ಸಾಲಿಗಿ ಬರ್ತದೇನು?"

"ಬರ್ತಾಳ್ರಿ."

"ಹಾಡ್ತದೇನು? ಛಲೋ ಹಾಡ್ತದಂತ ಸಂಗ್ಯಾನೇ ಹೇಳ್ತಿದ್ದ."

ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ. ಹಿಂದಿನ ವಾರವಷ್ಟೇ, ಯಾರೂ ಕರೆಯದೆ, ಅವಳು ಹಿಂದಿನ ಸಾಲಿನಲ್ಲೇ ನಿಂತು ದನಿಗೂಡಿಸಿದ್ದಳು. ಮುಂದಿದ್ದ ಹುಡುಗಿಯರು ತಿರುಗಿ ನೋಡಿದರೂ ನಿಲ್ಲಿಸದೆ ಕೊನೆಯ ಸಾಲಿನವರೆಗೂ ಹಾಡಿದ್ದಳು. ಅದನ್ನೇ ಹೇಳಿದೆ. ನಿಂಗಮ್ಮನವರು ಸೆರಗಿನಿಂದ ಬಾಯಿ ಒತ್ತಿಕೊಂಡರು.

"ನಾ ಕೇಳಿದೆ ಅಂತ ಅದಕ ಹೇಳಬ್ಯಾಡ," ಅಂದರು. "ಮತ್ತ ಹಾಡೂದು ಬಿಟ್ಟಗಿಟ್ಟೀತು."

ಹೇಳಿಲ್ಲ ಟೀಚರ್. ಹೇಳುವುದೂ ಇಲ್ಲ. ನಿಮಗೊಬ್ಬರಿಗೆ ಹೇಳುತ್ತಿದ್ದೇನೆ.

ನಿಮ್ಮ
ಸುನಂದಾ